ಮೊಣಕಾಲಿಗೆ ಬೆಳಕು

ಕೈಗುಣ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ರಿಯಾಜನ ಮೈ ಉರಿಯುತ್ತಿತ್ತು. ವೈದ್ಯರಿಗೆ ಕೈಗುಣ ಇರಬಹುದು, ಸೂಲಗಿತ್ತಿಗೆ ಇರಬಹುದು, ಉಪ್ಪಿನಕಾಯಿ ಹಾಕುವ ಮುದುಕಿಗೂ ಇರಲಿ, ಬೇಡ ಅಂದವರಾರು? ಆದರೆ ಕಾರಿನ ಹೆಡ್‌ಲೈಟ್ ರಿಪೇರಿಗೆ ಎಂಥ ಕೈಗುಣ? ತಂತಿ, ಬಲ್ಬು, ನಾಲ್ಕು ಸ್ಕ್ರೂ. ಯಾರು ತಿರುವಿದರೂ ತಿರುಗುತ್ತವೆ. ಹಾಗಿದ್ದೂ ಉಗಾರ ಖುರ್ದದ ಮಂದಿ ಅವನದೇ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಅವನ ಮುಖಕ್ಕೆ ಮುಖ ಕೊಟ್ಟು ಕೇಳುತ್ತಿದ್ದರು: “ಹೀನಾ ಅದಾಳೇನ್ರಿ? ಆಕಿ ಕೈಗುಣ ಚಲೋ ಐತಿ.”

ಹೀನಾ ಅವನ ಒಡಹುಟ್ಟಿದ ತಂಗಿ, ನಾಲ್ಕು ವರ್ಷ ಕಿರಿಯಳು. ಅದೇ ಊರಿನ ಕಾರ್ಖಾನೆ ನೌಕರ ಅಸ್ಫಾಕನಿಗೆ ಅವಳನ್ನು ಕೊಟ್ಟು ಹದಿನಾಲ್ಕು ವರ್ಷವಾಗಿತ್ತು. ಹೋದ ವರ್ಷ ರಿಯಾಜ ಡೆಂಗ್ಯೂ ಬಂದು ಮಿರಜದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಿದ. ಕಬ್ಬಿನ ಹಂಗಾಮು, ಗಾಡಿಗಳು ಹಗಲು ರಾತ್ರಿ ಓಡಿ ಲೈಟು ಕೆಡಿಸಿಕೊಳ್ಳುವ ಕಾಲ. ಅಂಗಡಿ ಮುಚ್ಚಬಾರದೆಂದು ಹೀನಾ ಬಂದು ಶಟರ್ ಎತ್ತಿದಳು. ರಿಯಾಜ ಎದ್ದು ಬಂದಾಗ ಬೋಲ್ಟು ಬಿಚ್ಚುವ ಪಾನಾಗಳೆಲ್ಲ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಮೊಳೆಗಳಿಗೆ ತೂಗುತ್ತಿದ್ದವು. ಗಿರಾಕಿಗಳು ಅವನ ಆರೋಗ್ಯ ವಿಚಾರಿಸಿ ಮರುಮಾತಿಗೇ, “ತಂಗಿನ್ನ ಮಾತ್ರ ಬಿಡಸಬ್ಯಾಡ್ರಿ ಮತ್ತ” ಎಂದರು. ಸಾವಿನ ಬಾಗಿಲು ಬಡಿದು ಬಂದವನಿಗೆ ಹೇಳುವ ಮಾತೇ ಇದು?

ಅಂಗಡಿ ಕಟ್ಟಿದವರು ಅವರ ಅಬ್ಬಾ ಹುಸೇನಸಾಬರು. ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಯಲ್ಲಿ ‘ಹುಸೇನ ಆಟೋ ಇಲೆಕ್ಟ್ರಿಕ್’ ಎಂಬ ಬೋರ್ಡು ನಲವತ್ತು ವರ್ಷದಿಂದ ನಿಂತಿತ್ತು. ಕೈ ನಡುಗತೊಡಗಿದ ಮೇಲೆ ಅವರು ಕೆಲಸ ಬಿಟ್ಟು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಬೈಯುವುದಕ್ಕೆ ಮಾತ್ರ ಮರಾಠಿ. ಗಿರಾಕಿಯ ಎದುರು ಅವನಿಗೆ ತಿಳಿಯದ ಮಾತಾಡಿದರೆ ಮೋಸ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಾನೆ, ಅದಕ್ಕೇ ಅವನೆದುರು ಕನ್ನಡವೇ ಎಂಬುದು ಅವರ ನಿಯಮ. ಕೆಲಸದಲ್ಲಿ ಇನ್ನೆರಡು ನಿಯಮಗಳಿದ್ದವು. ಮೊದಲನೆಯದು, “ಲೈಟ್ ಡಿಮ್ ಆದ್ರ ಬಲ್ಬ್ ನೋಡಬ್ಯಾಡ, ಅರ್ಥ ನೋಡು.” ಅವರ ಬಾಯಲ್ಲಿ ಅರ್ಥ ಅಂದರೆ ಲೈಟಿನಿಂದ ಬಂದು ಗಾಡಿಯ ಮೈಗೆ ಬೋಲ್ಟು ಹಾಕಿ ಬಿಗಿದ ಅರ್ಥಿಂಗ್ ತಂತಿ. ಆ ಬೋಲ್ಟಿಗೆ ತುಕ್ಕು ಹಿಡಿದರೆ ಎಂಥ ಬಲ್ಬು ಹಾಕಿದರೂ ಬೆಳಕು ಮಂಕೇ.

ಎರಡನೆಯ ನಿಯಮ ಮೊಣಕಾಲಿನದು. ಗಾಡಿಯಿಂದ ಇಪ್ಪತ್ತು ಹೆಜ್ಜೆ ಆಚೆ ನಿಂತವನ ಮೊಣಕಾಲಿಗೆ ಡಿಮ್ ಬೆಳಕು, ಅಂದರೆ ಸ್ವಿಚ್ಚು ಒತ್ತಿ ತಗ್ಗಿಸಿದ ಬೆಳಕು, ಬೀಳಬೇಕು. ಮೇಲೆ ಬಿದ್ದರೆ ಎದುರು ಬಂದವನ ಕಣ್ಣು ಹೋಗುತ್ತದೆ, ಕೆಳಗೆ ಬಿದ್ದರೆ ನಡೆಸುವವನಿಗೆ ದಾರಿ ಕಾಣುವುದಿಲ್ಲ. ಹೀಗೆ ಬೆಳಕು ಕೂಡಿಸುವುದಕ್ಕೆ ಫೋಕಸ್ ಅನ್ನುತ್ತಿದ್ದರು. ರಿಯಾಜನಿಗೆ ಹದಿನೈದು ವರ್ಷವಿದ್ದಾಗ ಆ ಮೊಣಕಾಲು ಅವನದೇ ಆಗಿತ್ತು. ಅಬ್ಬಾ ಅವನನ್ನು ಎದುರಿನ ಗೋದಾಮಿನ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದರು. ಹೀನಾ ಮಾತ್ರ ಮಹಾರಾಣಿಯಂತೆ ಡ್ರೈವರ್ ಸೀಟಿನಲ್ಲಿ ಕೂತು, “ಹೈ… ಡಿಮ್… ಹೈ” ಎಂದು ಸ್ವಿಚ್ಚು ಒತ್ತುತ್ತಿದ್ದಳು. ಇವನು ಸೊಳ್ಳೆ ಕಡಿಸಿಕೊಂಡು ನಿಂತು ನಿಂತು ಸಾಕಾಗಿ, ಕೊನೆಗೆ ಅಬ್ಬಾ ಅವನ ಮೊಣಕಾಲಿನ ಎತ್ತರಕ್ಕೆ ಗೋಡೆಯ ಮೇಲೆ ಕೆಂಪು ಗೆರೆ ಎಳೆದರು. ಗೆರೆ ಇನ್ನೂ ಇದೆ. ಆ ಸಿಟ್ಟೂ ಇನ್ನೂ ಇತ್ತು.

ಹೀನಾಳ ಇನ್ನೊಂದು ಚಾಳಿ ಅವನಿಗೆ ಸೇರುತ್ತಿರಲಿಲ್ಲ. ಫೋಕಸ್ ಮುಗಿದ ಮೇಲೆ ಅವಳು ಪರ್ಸಿನಿಂದ ಕೆಂಪು ನೇಲ್ ಪಾಲಿಶ್ ತೆಗೆದು, ಸ್ಕ್ರೂವಿನ ತಲೆಗೂ ಪಕ್ಕದ ಪಟ್ಟಿಗೂ ಸೇರಿಸಿ ಒಂದು ಚುಕ್ಕೆ ಇಡುತ್ತಿದ್ದಳು. ಇದು ನಾನು ಮಾಡಿದ ಗಾಡಿ ಎಂದು ಊರಿಗೆಲ್ಲ ಡಂಗುರ ಸಾರಲು ಹಚ್ಚುವ ಬೊಟ್ಟು ಎಂದೇ ರಿಯಾಜ ತಿಳಿದಿದ್ದ. ಯಾಕೆ ಹಚ್ಚುತ್ತೀ ಎಂದು ಒಮ್ಮೆಯೂ ಕೇಳಿರಲಿಲ್ಲ. ಹೊಟ್ಟೆಕಿಚ್ಚಿನವರಿಗೆ ಕೇಳುವ ಅಭ್ಯಾಸ ಇರುವುದಿಲ್ಲ, ಎಲ್ಲ ತಮಗೇ ಗೊತ್ತಿರುತ್ತದೆ.

ಆ ದಿನ ಬೆಳಿಗ್ಗೆ ಕಾಗವಾಡದ ದ್ರಾಕ್ಷಿ ತೋಟದ ಧರೆಪ್ಪ ತನ್ನ ಹಳೆಯ ಬಿಳಿ ಕಾರು ತಂದು ನಿಲ್ಲಿಸಿದ. ರಿಯಾಜನ ಖಾಯಂ ಗಿರಾಕಿ.

“ರಿಯಾಜ, ಲೈಟ್ ಭಾಳ ಡಿಮ್ ಆಗ್ಯಾವೋ. ನಿನ್ನೆ ಕಬ್ಬಿನ ಟ್ರೇಲರ್ ಹಿಂದ ಬ್ರೇಕ್ ಹಾಕಿದ್ನಿ ನೋಡು, ಮೂರು ಗೇಣು ಉಳದಿತ್ತು. ಟ್ರೇಲರಿಗೆ ಲೈಟಿಲ್ಲ, ರೇಡಿಯಂ ಪಟ್ಟಿನೂ ಇಲ್ಲ. ನನ್ನ ಲೈಟ್‌ನ್ಯಾಗ ಅದು ಕಾಣಲೇ ಇಲ್ಲ.”

“ಬಲ್ಬ್ ಹೋಗ್ಯಾವ ಬಿಡ್ರಿ ಸಾವಕಾರ್ರ. ದೊಡ್ಡ ಪವರಿನವು ಹಾಕತೀನಿ, ರಾತ್ರಿ ಅನ್ನೋದು ಹಗಲಾಗತೈತಿ.”

“ಹೋದ ತಿಂಗಳನೂ ಹಿಂಗ ಅಂದ ಹಾಕಿದ್ದೆಲ್ಲೋ,” ಎಂದ ಧರೆಪ್ಪ. ಬೈದಿದ್ದರೆ ಸಹಿಸಬಹುದಿತ್ತು, ಅವನು ನಕ್ಕ. ಆಮೇಲೆ ಒಳಗೆ ಇಣುಕಿ, “ಹೀನಾ ತಂಗೀ, ನೀನರ ಒಂದೀಟ ನೋಡವಾ” ಎಂದ.

ಹೀನಾ ದುಪಟ್ಟಾ ಸೊಂಟಕ್ಕೆ ಬಿಗಿದು ಬಂದಳು. ಬಲ್ಬಿನ ಕಡೆಗೆ ನೋಡಲೂ ಇಲ್ಲ. ಬಾನೆಟ್ ಎತ್ತಿ, ಲೈಟಿನ ಹಿಂದೆ ಕೈ ತೂರಿಸಿ ತಂತಿಯೊಂದರ ಜಾಡು ಹಿಡಿದು ಹೋಗಿ ಬೋಲ್ಟು ಬಿಚ್ಚಿದಳು. ಅದು ತುಕ್ಕಿನಲ್ಲಿ ಬೆಲ್ಲದ ಉಂಡೆಯ ಬಣ್ಣಕ್ಕೆ ತಿರುಗಿತ್ತು. “ಅರ್ಥ ಇಲ್ರಿ ಮಾಮಾ, ಲೈಟ್ ಪಾಪ ಏನ್ ಮಾಡೀತು?” ಎಂದು ಲೋಹ ಹೊಳೆಯುವ ತನಕ ಉಜ್ಜಿ ಮತ್ತೆ ಬಿಗಿದಳು. ಹಳದಿಗಟ್ಟಿದ್ದ ಲೈಟಿನ ಗಾಜನ್ನು ನುಣುಪು ಪಾಲಿಶ್ ಕಾಗದದಿಂದ ನೀರು ಹಾಕಿ ತಿಕ್ಕಿದಳು. ಗೋದಾಮಿನ ನೆರಳು ಬಿದ್ದ ಗೋಡೆಗೆ ಬೆಳಕು ಬಿಟ್ಟು, ಕೆಂಪು ಗೆರೆಗೆ ಸರಿಯಾಗಿ ಕೂಡಿಸಿ, ಚುಕ್ಕೆ ಇಟ್ಟಳು. ಅದೇ ಹಳೆಯ ಬಲ್ಬು. ಬೆಳಕು ಹಾಲಿನಂತೆ ಗೋಡೆಯ ಮೇಲೆ ನಿಂತಿತು.

ಎದುರಿನ ಚಹಾದಂಗಡಿಯ ಮುರಗೆಪ್ಪ ಕೈಯಲ್ಲಿ ಕೆಟಲ್ ಹಿಡಿದೇ ಬಂದು ನೋಡಿದ. “ಕೈಗುಣಾ ಅಂದ್ರ ಇದು ನೋಡ್ರಿ!” ಎಂದ. ರಿಯಾಜನಿಗೆ ಆ ಕೆಟಲ್ ಕಿತ್ತುಕೊಂಡು ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು.

ಅಷ್ಟಕ್ಕೇ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹುಸೇನಸಾಬರು ಕುರ್ಚಿಯಿಂದ ಎದ್ದರು. ಅಂಗಿಯ ಒಳಜೇಬಿನಿಂದ ತಮ್ಮ ಹಳೆಯ ಸ್ಕ್ರೂಡ್ರೈವರ್ ತೆಗೆದರು. ಸಾಗವಾನಿ ಹಿಡಿಕೆ; ವರ್ಷಾನುಗಟ್ಟಲೆ ಒಂದೇ ಅಂಗೈ ತಾಗಿ ಹೆಬ್ಬೆರಳಿನ ಜಾಗ ಕುಳಿ ಬಿದ್ದಿತ್ತು. ಕೆಲಸ ಬಿಟ್ಟ ಮೇಲೂ ಅದನ್ನು ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ. ಒಮ್ಮೆ ರಿಯಾಜ ಕೇಳಿದಾಗ “ಆಮ್ಯಾಲ ನೋಡೂಣು” ಅಂದಿದ್ದರು. ಹನ್ನೆರಡು ವರ್ಷದಿಂದ ಅವನು ಆ ‘ಆಮ್ಯಾಲ’ಕ್ಕೆ ಕಾಯುತ್ತಿದ್ದ. ಈಗ ಆ ನಡುಗುವ ಕೈ ಅದನ್ನು ಹೀನಾಳ ಕೈಗೆ ಹಾಕಿತು.

“ಇನ್ನ ಮ್ಯಾಲ ನಿನ್ನ ಕಡೆನ ಇರಲಿ ಬೇಟಾ.”

ರಿಯಾಜ ಬಗ್ಗಿ ನೆಲದ ಮೇಲಿನ ತಂತಿಯ ಚೂರುಗಳನ್ನು ಆರಿಸತೊಡಗಿದ. ಅವು ಅಲ್ಲಿ ನಾಲ್ಕು ದಿನದಿಂದ ಬಿದ್ದಿದ್ದವು, ಯಾರಿಗೂ ಬೇಕಾಗಿರಲಿಲ್ಲ. ಎದೆಯೊಳಗೆ ಯಾರೋ ಕೆಂಡ ಸುರಿದ ಹಾಗಿತ್ತು. ಮಗ ನಾನು, ಸೊಳ್ಳೆ ಕಡಿಸಿಕೊಂಡು ನಿಂತವನು ನಾನು, ಮೊಣಕಾಲು ನನ್ನದು. ಸ್ಕ್ರೂಡ್ರೈವರ್ ಮಾತ್ರ ಅವಳಿಗೆ!

ಧರೆಪ್ಪ ಸಂಜೆ ಬಂದು ಗಾಡಿ ಒಯ್ಯುತ್ತೇನೆಂದು ಹೇಳಿ ಕಾರ್ಖಾನೆಯ ಕಡೆ ಹೋದ. ಮಧ್ಯಾಹ್ನ ಹೀನಾ ಊಟಕ್ಕೆ ಮನೆಗೆ ಹೋದಳು. ಅಬ್ಬಾ ನಮಾಜಿಗೆ ಹೋದರು. ಬಿಳಿ ಕಾರು ಅಂಗಡಿಯ ಮುಂದೆ ಒಂಟಿಯಾಗಿ ನಿಂತಿತ್ತು.

ರಿಯಾಜ ಹೆಚ್ಚೇನೂ ಮಾಡಲಿಲ್ಲ, ಮಾಡಬಾರದ್ದು ಯಾವಾಗಲೂ ಹೆಚ್ಚೇನೂ ಇರುವುದಿಲ್ಲ. ಎರಡೂ ಲೈಟಿನ ಸ್ಕ್ರೂಗಳನ್ನು ಮೂರು ಮೂರು ಸುತ್ತು ತಿರುವಿದ. ಬೆಳಕು ಈಗ ಚಕ್ರದ ಮುಂದಿನ ನೆಲಕ್ಕೇ ಬೀಳಬೇಕು. ಅರ್ಥದ ಬೋಲ್ಟನ್ನು ಸಡಿಲಿಸಿದ. ಗಾಡಿ ನಾಲ್ಕು ಹೊಂಡ ಹಾರುವಷ್ಟರಲ್ಲಿ ಲೈಟು ಮಂಕಾಗಬೇಕು. ತಿರುವುವಾಗ ಕೆಂಪು ಚುಕ್ಕೆಗಳು ಚಟಕ್ಕನೆ ಒಡೆದವು. ಚೂರುಗಳನ್ನು ಉಗುರಿನಿಂದ ಕೆರೆದು ಊದಿದ. ಧರೆಪ್ಪ ಕಾಗವಾಡ ಮುಟ್ಟುವುದರೊಳಗೆ ಹೀನಾಳಿಗೆ ಹಿಡಿ ಶಾಪ ಹಾಕುತ್ತಾನೆ, ನಾಳೆ ಬೆಳಿಗ್ಗೆ ಬಂದು ಅಬ್ಬಾನ ಎದುರೇ ಕೂಗಾಡುತ್ತಾನೆ, ಆಗ ನೋಡೋಣ ಕೈಗುಣ! ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವುದೆಂದರೆ ಇದೇ. ಬೋರ್ಡಿನ ಮೇಲಿದ್ದ ಹೆಸರು ಅವನ ಅಪ್ಪನದೇ ಅಲ್ಲವೇ?

ಆಮೇಲೆ ಮೈಯೆಲ್ಲ ಹಗುರಾಯಿತು. ಹೀನಾ ಊಟ ಮುಗಿಸಿ ಬಂದಾಗ ಅವಳೊಂದಿಗೆ ನಗುನಗುತ್ತಲೇ ಮಾತಾಡಿದ. ಸಂಜೆಯ ರೈಲಿಗೆ ಮಿರಜದಿಂದ ಬಲ್ಬಿನ ಪೆಟ್ಟಿಗೆ ಬರುವುದಿತ್ತು. ಅದನ್ನು ತರುತ್ತೇನೆಂದು ಬೈಕ್ ಹತ್ತಿ ಸ್ಟೇಷನ್ನಿಗೆ ಹೋದ. ರೈಲು ತಡವಾಯಿತು. ಪೆಟ್ಟಿಗೆ ಹೇರಿಕೊಂಡು ತಿರುಗಿ ಬರುವಷ್ಟರಲ್ಲಿ ಹೊತ್ತು ಮುಳುಗಿ ಕತ್ತಲಾಗಿತ್ತು, ಅಂಗಡಿಯ ಶಟರ್ ಇಳಿದಿತ್ತು.

“ಎಲ್ಲಾರೂ ಎಲ್ಲಿ ಹೋಗ್ಯಾರ?” ಎಂದು ಮುರಗೆಪ್ಪನನ್ನು ಕೇಳಿದ.

“ರಾಯಬಾಗಕ್ಕ ಹೋದ್ರಲ್ಲ! ಹೀನಾನ ನಾದಿನಿ ಮನ್ಯಾಗ ಕೂಸಿಗೆ ಹೆಸರಿಡೂ ಅಕೀಕಾ ಊಟ ಐತಂತ. ಬಸ್ಸಿಗೆ ಹೊಂಟಿದ್ರು. ಧರೆಪ್ಪ ಸಾವಕಾರ್ರೂ ಮಾವನ ಮನಿಗೆ ಅಳೇತನಕ್ಕ ಅಲ್ಲೇ ಹೊಂಟಿದ್ರು, ‘ನನ್ನ ಗಾಡ್ಯಾಗ ಬರ್ರಿ’ ಅಂದ ಕುಂದ್ರಿಸಿಕೊಂಡ್ರು. ನಿಮ್ಮ ಅಬ್ಬಾ, ಹೀನಾ, ಮತ್ತ ನಿನ್ನ ಮಗಳು ಫರಹೀನನೂ ಹೋಗ್ಯಾಳ. ಅರ್ಧಾ ತಾಸ್ ಆತ ನೋಡು.”

ಬಲ್ಬಿನ ಪೆಟ್ಟಿಗೆ ರಿಯಾಜನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಒಳಗೆ ಗಾಜು ಪುಡಿಯಾದ ಸದ್ದು ಕೇಳಿದರೂ ಅವನು ಬಗ್ಗಲಿಲ್ಲ. ರಾಯಬಾಗದ ದಾರಿ ಅಂದರೆ ಕೃಷ್ಣೆಯ ಸೇತುವೆ, ಕುಡಚಿ, ಆಮೇಲೆ ಎರಡೂ ಕಡೆ ಕಬ್ಬು. ಈ ಹಂಗಾಮಿನಲ್ಲಿ ಆ ರಸ್ತೆಯ ಅಂಚಿಗೆ ಜೋಡು ಟ್ರೇಲರುಗಳು ಸಾಲುಗಟ್ಟಿ ನಿಲ್ಲುತ್ತವೆ. ಹಿಂದೆ ಲೈಟಿಲ್ಲ, ರೇಡಿಯಂ ಇಲ್ಲ, ಹೊರಗೆ ಚಾಚಿದ ಕಬ್ಬಿನ ತುದಿಗಳು ಮಾತ್ರ.

ಹೀನಾಳಿಗೆ ಫೋನ್ ಹಚ್ಚಿದ. ಶಟರಿನ ಒಳಗೇ ರಿಂಗಾಯಿತು. ಬೀಗ ತೆಗೆದು ಒಳಗೆ ಹೋದರೆ ಫೋನ್ ಅವನದೇ ಡ್ರಾವರಿನಲ್ಲಿತ್ತು, ಅವಸರದಲ್ಲಿ ಮರೆತಿರಬೇಕು. ಅದರ ಪಕ್ಕದಲ್ಲಿ ಅಬ್ಬಾನ ಸ್ಕ್ರೂಡ್ರೈವರ್. ಅದು ತನ್ನ ಡ್ರಾವರಿಗೆ ಯಾಕೆ ಬಂತು ಎಂದು ಯೋಚಿಸುವ ವ್ಯವಧಾನ ಅವನಿಗಿರಲಿಲ್ಲ. ದಾರಿಯಲ್ಲೇ ನಿಲ್ಲಿಸಿ ಲೈಟು ಸರಿ ಮಾಡಲು ಬೇಕಾಗುತ್ತದೆಂದು ಜೇಬಿಗೆ ತುರುಕಿದ. ಅಬ್ಬಾನ ಹತ್ತಿರ ಫೋನೇ ಇರಲಿಲ್ಲ, ಧರೆಪ್ಪನಿಗೆ ಹಚ್ಚಿದರೆ ಎತ್ತಲಿಲ್ಲ. ಸ್ಟೇರಿಂಗ್ ಹಿಡಿದರೆ ಫೋನ್ ಮುಟ್ಟುವ ಮನುಷ್ಯನಲ್ಲ ಅವನು, ಊರಿಗೆಲ್ಲ ಆ ವಿಷಯದಲ್ಲಿ ಬುದ್ಧಿ ಹೇಳುವವನು. ರಿಯಾಜ ಜೀವಮಾನದಲ್ಲಿ ಮೊದಲ ಬಾರಿ ಒಬ್ಬರ ಒಳ್ಳೆಯ ಗುಣಕ್ಕೆ ಮರಾಠಿಯಲ್ಲಿ ಬೈದ.

ಸೇತುವೆಯ ಮೇಲೆ ಬೈಕು ಹಾರಿತೋ ಓಡಿತೋ ಅವನಿಗೆ ನೆನಪಿಲ್ಲ. ಎದುರು ಬರುವ ಗಾಡಿಗಳ ಬಿಳಿ ಲೈಟು ಕಣ್ಣಿಗೆ ಸೂಜಿಯಂತೆ ಚುಚ್ಚುತ್ತಿತ್ತು. ಒಂದು ಲೈಟು ದಾಟಿದ ಮೇಲೆ ಎರಡು ಕ್ಷಣ ಏನೂ ಕಾಣುತ್ತಿರಲಿಲ್ಲ, ಬರೀ ಕಪ್ಪು. ಅಂಥ ಲೈಟುಗಳಲ್ಲಿ ಅರ್ಧ ತಾನೇ ಹಾಕಿದ ದೊಡ್ಡ ಬಲ್ಬುಗಳು ಎಂಬುದು ಅವನಿಗೆ ಹೊಳೆಯಿತು. ಹೊಳೆದು ಇನ್ನೂ ಹೆದರಿಕೆಯಾಯಿತು.

ಕುಡಚಿ ದಾಟಿದ ಮೇಲೆ ಒಂದು ಕಡೆ ಟ್ರೇಲರಿನ ಹಿಂದೆ ಜನ ಗುಂಪುಗೂಡಿದ್ದರು. “ಯಾ ಅಲ್ಲಾ, ನನಗ ಏನರ ಆಗಲಿ” ಎಂದು ಬೈಕು ಹಾಗೇ ಕೆಡವಿ ಓಡಿದ. ಹಗ್ಗ ಹರಿದು ಕಬ್ಬಿನ ಹೊರೆ ರಸ್ತೆಗೆ ಜಾರಿತ್ತು, ಅಷ್ಟೇ. ಜನ ಕಬ್ಬು ಹೆಕ್ಕುತ್ತಿದ್ದರು. ಬಿಳಿ ಕಾರು ಕಂಡಿರಾ ಎಂದು ಕೇಳಿದ. ಈ ಅರ್ಧ ತಾಸಿನಲ್ಲಿ ಯಾವ ಕಾರೂ ದಾಟಿಲ್ಲ, ರಸ್ತೆಯೇ ಕಟ್ಟಿತ್ತು, ಈಗ ಬಿಟ್ಟಿದ್ದೇವೆ ಎಂದರು.

ಹಾಗಾದರೆ ಕಾರು ಇನ್ನೂ ಹಿಂದೆ ಇದೆ. ಎಲ್ಲಿ? ಸೇತುವೆಯ ಕೆಳಗಾ? ಅವನಿಗೆ ಮುಂದೆ ಯೋಚಿಸಲಾಗಲಿಲ್ಲ. ಬಂದ ದಾರಿಗೆ ಮುಖ ಮಾಡಿ ನಡುರಸ್ತೆಯಲ್ಲಿ ನಿಂತ. ಆ ಕಡೆಯಿಂದ ಒಂದು ಕಾರು ಬರುತ್ತಿತ್ತು. ಯಾರದಾದರೂ ಆಗಲಿ, ನಿಲ್ಲಿಸಿ ಕೇಳಬೇಕೆಂದು ಎರಡೂ ಕೈ ಎತ್ತಿದ.

ಕಾರು ದೂರದಿಂದಲೇ ಅವನನ್ನು ಕಂಡಿತು. ಹೈ ಇದ್ದದ್ದು ಡಿಮ್ ಆಯಿತು, ವೇಗ ತಗ್ಗಿತು, ಇಪ್ಪತ್ತು ಹೆಜ್ಜೆ ಆಚೆ ನಿಂತಿತು. ರಿಯಾಜ ತನ್ನ ಕಾಲು ನೋಡಿಕೊಂಡ. ಬೆಳಕು ಅವನ ಎರಡೂ ಮೊಣಕಾಲುಗಳ ಮೇಲೆ ಗೆರೆ ಎಳೆದಂತೆ ಬಂದು ನಿಂತಿತ್ತು. ಅದರ ಮೇಲೆ ಕತ್ತಲು, ಅದರ ಕೆಳಗೆ ಪ್ಯಾಂಟಿನ ಧೂಳಿನ ಕಣವೂ ಕಾಣುವಷ್ಟು ಬೆಳಕು. ಕಣ್ಣಿಗೆ ಒಂದಿಷ್ಟೂ ಚುಚ್ಚಲಿಲ್ಲ. ಗಾಜಿನ ಹಿಂದೆ ಕೂತ ಧರೆಪ್ಪ ತಲೆಗೆ ಸುತ್ತಿದ ಪಟಕಾ, ಅಬ್ಬಾನ ಬಿಳಿ ಗಡ್ಡ, ಹಿಂದಿನ ಸೀಟಿನಿಂದ ಮುಖ ಚಾಚಿದ ಫರಹೀನಳ ಎರಡು ಜಡೆ ಎಲ್ಲ ಅವನಿಗೆ ಸ್ಪಷ್ಟವಾಗಿ ಕಂಡವು.

ಜೀವ ಬಂದಂತಾಯಿತು. ಹೇಳಬಾರದು, ಆದರೆ ಇದ್ದದ್ದು ಹೇಳಬೇಕು: ಜೀವ ಬಂದ ಆ ಗಳಿಗೆಯಲ್ಲೂ ಅವನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಒಮ್ಮೆ ಕೆಂಪಗಾಯಿತು. ಇಷ್ಟು ಚೆಂದದ ಫೋಕಸ್ ತನ್ನ ಕೈಯಿಂದ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ.

ಧರೆಪ್ಪ ಗಾಜು ಇಳಿಸಿದ. “ಏನೋ ರಿಯಾಜ, ನಡುರಸ್ತ್ಯಾಗ ನಿಂತೀಯಲ್ಲೋ! ಲೈಟ್ ಚಲೋ ಇದ್ದುದ್ದಕ್ಕ ಕಂಡಿ ನೋಡು. ನಾವು ಕುಡಚ್ಯಾಗ ಪೇಡೆ ತಗೊಳ್ಳಾಕ ನಿಂತಿದ್ವಿ, ಆಮ್ಯಾಲ ನೋಡಿದ್ರ ರಸ್ತೆ ಕಟ್ಟೇತಿ ಅಂದ್ರು. ಏನಾತು, ಮನ್ಯಾಗ ಎಲ್ಲಾ ಆರಾಮ?”

“ಲೈಟ್…” ಎಂದ ರಿಯಾಜ. “ಲೈಟ್ ಸರಿ ಅದಾವಿಲ್ಲೋ ಅಂತ…”

ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಾಗಿತ್ತು. ಹೀನಾ ಬಾಗಿಲು ತೆರೆದು ಇಳಿದು ಅವನ ಹತ್ತಿರ ಬಂದಳು. ಗಿರಾಕಿಯ ಎದುರು ಕನ್ನಡವೇ ಎಂಬ ಅಬ್ಬಾನ ನಿಯಮವನ್ನು ಅಂದು ಮೊದಲ ಬಾರಿ ಮುರಿದು, ಅವನಿಗಷ್ಟೇ ಕೇಳುವಂತೆ ಉರ್ದುವಿನಲ್ಲಿ ಹೇಳಿದಳು. ಊಟ ಮುಗಿಸಿ ಬಂದಾಗಲೇ ಚುಕ್ಕೆ ಒಡೆದದ್ದು ಕಂಡಳಂತೆ. ಸ್ಕ್ರೂ ಯಾರಾದರೂ ತಿರುವಿದರೆ ಗೊತ್ತಾಗಲಿ ಎಂದೇ ಅವಳು ಆ ಚುಕ್ಕೆ ಇಡುವುದು. ಅವನು ಸ್ಟೇಷನ್ನಿಗೆ ಹೋದ ಮೇಲೆ ಬೋಲ್ಟು ಬಿಗಿದು, ಫೋಕಸ್ ಮತ್ತೆ ಕೂಡಿಸಿದಳಂತೆ. ಅಬ್ಬಾನಿಗೆ ಏನೂ ಹೇಳಿಲ್ಲವಂತೆ. ನಾಳೆಯಿಂದ ಅಂಗಡಿಗೆ ಬರುವುದು ಬೇಡವೆಂದು ತೀರ್ಮಾನಿಸಿ, ಸ್ಕ್ರೂಡ್ರೈವರನ್ನು ಅವನ ಡ್ರಾವರಿನಲ್ಲಿಟ್ಟು ಬಂದಿದ್ದಳಂತೆ.

“ನೀ ಹಿಂದ ಓಡಿ ಬರ್ತಿ ಅಂತ ಮಾತ್ರ ಅಂದ್ಕೊಂಡಿರಲಿಲ್ಲ ಭೈಯಾ,” ಎಂದಳು. ಬೈಗುಳವಿದ್ದಿದ್ದರೆ ಅವನು ತಿರುಗಿ ಬೈದು ಬದುಕಿಕೊಳ್ಳುತ್ತಿದ್ದ.

ರಿಯಾಜ ಜೇಬಿಗೆ ಕೈ ಹಾಕಿದ. ಸಾಗವಾನಿ ಹಿಡಿಕೆ ಬೆಚ್ಚಗಾಗಿತ್ತು. ಕುಳಿ ಬಿದ್ದ ಜಾಗದಲ್ಲಿ ಒಮ್ಮೆ ಹೆಬ್ಬೆರಳಿಟ್ಟು ನೋಡಿದ. ಅವನ ಬೆರಳಿಗೆ ಅದು ಸ್ವಲ್ಪ ದೊಡ್ಡದೇ ಇತ್ತು. ತೆಗೆದು ಅವಳ ಕೈಗೆ ಕೊಟ್ಟ. ಕೊಡುವಾಗ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಉರಿಯಿತು, ಆದರೂ ಕೊಟ್ಟ. “ನಾಳೆ ಹೊತ್ತಿಗೆ ಸರಿಯಾಗಿ ಬಾ. ಬಲ್ಬಿನ ಪೆಟಗಿ ಒಡದೈತಿ, ಕಸಾ ಬಳಿಯೂದೈತಿ” ಎಂದ. ಕ್ಷಮೆ ಕೇಳುವುದು ಅವನಿಗೆ ಅಷ್ಟೇ ಬರುತ್ತಿತ್ತು. ಆಮೇಲೆ ಮುಖ ಆ ಕಡೆ ಹೊರಳಿಸಿ ತೋಳಿನಿಂದ ಕಣ್ಣು ಒರೆಸಿಕೊಂಡ.

ಹುಸೇನಸಾಬರಿಗೆ ಮಾತು ಕೇಳಿಸಿರಲಿಲ್ಲ. ಗಾಜಿನೊಳಗಿಂದ ಮಗನ ತೋಳು ಕಣ್ಣಿಗೆ ಹೋದದ್ದಷ್ಟೇ ಕಂಡಿತು. ತಲೆ ಹೊರಗೆ ಹಾಕಿ ಗದರಿದರು:

“ಏ ಹೀನಾ! ಫೋಕಸ್ ಮ್ಯಾಲಾಗೇತಿ ನೋಡು. ನಿಮ್ಮಣ್ಣ ಕಣ್ಣ ಒರಸಾಕತ್ತಾನ.”

ಹೀನಾ ಅಣ್ಣನ ಮುಖ ನೋಡಿದಳು. ಹದಿನೈದು ವರ್ಷದ ಹುಡುಗ ಗೋಡೆಗೆ ಒರಗಿ ಕೂಗಿ ಹೇಳುತ್ತಿದ್ದ ಹಾಗೆ, ರಿಯಾಜ ಮೊಣಕಾಲು ನೆಟ್ಟಗೆ ಮಾಡಿ ನಿಂತು ಕೂಗಿದ:

“ಇಲ್ಲ ಅಬ್ಬಾ, ಫೋಕಸ್ ಬರೋಬರಿ ಐತಿ!”